ಡಿಸೈನ್ ಆಫೀಸಲ್ಲೇ ಇರ್ಲಾ, ಕೆಮಿಕಲ್ ಪ್ಲಾಂಟಿಗೆ ಹೋಗ್ಲಾ? ಪೈಪಿಂಗ್ ಇಂಜಿನಿಯರ್ ಒಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಾನು ದಾವಣಗೆರೆಯವನು, ಬಿಇ ಮೆಕ್ಯಾನಿಕಲ್. ಬೆಂಗಳೂರಲ್ಲಿ ಒಂದು ಡಿಸೈನ್ ಆಫೀಸಲ್ಲಿ ಎರಡು ವರ್ಷದಿಂದ ಪೈಪಿಂಗ್ 3ಡಿ ಮಾಡೆಲಿಂಗ್ ಮಾಡ್ತಾ, ಐಸೋಮೆಟ್ರಿಕ್ ಡ್ರಾಯಿಂಗ್ (ಒಂದೊಂದು ಲೈನಿನ ಮೂರು ಆಯಾಮದ ಚಿತ್ರ, ಐಸೋ ಅಂತೀವಿ) ತೆಗೀತಾ ಇದೀನಿ. ಈಗ ಬೀದರ್‌ನ ಒಂದು ಬಲ್ಕ್ ಡ್ರಗ್ (ಔಷಧಿಯ ಮೂಲ ಪದಾರ್ಥ ಮಾಡೋ) ಫ್ಯಾಕ್ಟರಿಯ ಪ್ರಾಜೆಕ್ಟ್ ಟೀಮಿಗೆ ಕರೆದಿದಾರೆ, ಸಂಬಳ ಹೆಚ್ಚೂ ಕಮ್ಮಿ ಇಷ್ಟೇ. ಎಸಿ ಆಫೀಸ್ ಬಿಟ್ಟು ಕೆಮಿಕಲ್ ವಾಸನೆ ಕುಡಿಯೋಕೆ ಯಾಕೆ ಹೋಗ್ತೀಯ, ಇಲ್ಲೇ ಇದ್ದು ಸ್ಟ್ರೆಸ್ ಅನಾಲಿಸಿಸ್ (ಬಿಸಿ, ಭಾರ, ಪ್ರೆಷರನ್ನ ಪೈಪ್ ತಡ್ಕೊಳ್ಳುತ್ತಾ ಅನ್ನೋ ಲೆಕ್ಕ) ಕೋರ್ಸ್ ಮಾಡ್ಕೋ ಅಂತ ಫ್ರೆಂಡ್ಸ್ ಹೇಳ್ತಾರೆ. ಮನೇಲಿ ಅಮ್ಮಂಗೆ ಭಯ. ನಿಜ ಹೇಳ್ಬೇಕಂದ್ರೆ ಈ ಕೆಲಸದಲ್ಲಿ ಒಂದು ಈಕ್ವಿಪ್ಮೆಂಟಿಂದ ಇನ್ನೊಂದಕ್ಕೆ ಪೈಪ್ ಎಳೆಯೋದು ಬಿಟ್ರೆ ಇನ್ನೇನಿದೆ ಅಂತಾನೇ ನಂಗಿನ್ನೂ ಗೊತ್ತಾಗಿಲ್ಲ. ಏನ್ಮಾಡ್ಲಿ?

ಉತ್ತರ: ನಿಮ್ಮ ಕೊನೇ ಮಾತಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ಬೀದರ್‌ಗೆ ಹೋಗ್ಬೇಕಾ ಬೇಡ್ವಾ ಅನ್ನೋದಕ್ಕೆ ಉತ್ತರ ಅದರೊಳಗೇ ಇದೆ. ಎರಡು ವರ್ಷ ಮಾಡೆಲಿಂಗ್ ಮಾಡಿದ ಮೇಲೂ ಪೈಪ್ ಎಳೆಯೋದು ಬಿಟ್ರೆ ಇನ್ನೇನಿದೆ ಅನ್ನಿಸ್ತಿದೆ ಅಂದ್ರೆ ಅದು ನಿಮ್ಮ ತಪ್ಪಲ್ಲ. ಕಂಪ್ಯೂಟರ್ ಸ್ಕ್ರೀನ್ ಮೇಲೆ ಪೈಪಿಗೆ ಒಂದೇ ಒಂದು ಸ್ಥಿತಿ ಇರೋದು, ಹೊಸದು, ತಣ್ಣಗೆ, ನೆಟ್ಟಗೆ, ಯಾರೂ ಮುಟ್ಟದೆ ನಿಂತಿರುತ್ತೆ. ಪ್ಲಾಂಟಲ್ಲಿ ಹಾಗಲ್ಲ. ಅದೇ ಪೈಪಿಗೆ ಮೊದಲು ನೀರು ತುಂಬಿ ಪ್ರೆಷರ್ ಕೊಟ್ಟು ಹೈಡ್ರೋ ಟೆಸ್ಟ್ ಮಾಡ್ತಾರೆ, ಆಮೇಲೆ ಬಿಸಿ ಆಗಿ ಉದ್ದ ಆಗುತ್ತೆ, ಪಂಪ್ ಶುರು ಆದಾಗ ನಡುಗುತ್ತೆ, ಒಂದು ದಿನ ನಿಲ್ಲಿಸ್ತಾರೆ, ಒಳಗಿರೋದನ್ನ ಖಾಲಿ ಮಾಡ್ತಾರೆ, ಅದಾದ್ಮೇಲೆ ಒಬ್ಬ ಮನುಷ್ಯ ಸ್ಪ್ಯಾನರ್ ಹಿಡ್ಕೊಂಡು ಬಂದು ಫ್ಲೇಂಜ್ (ಎರಡು ಪೈಪನ್ನ ಬೋಲ್ಟ್ ಹಾಕಿ ಸೇರಿಸೋ ಬಳೆ) ಬಿಚ್ತಾನೆ, ಆಗ ಅವನ ಮುಖ ಆ ಜಾಯಿಂಟಿಂದ ಒಂದು ಮೊಳ ದೂರದಲ್ಲಿರುತ್ತೆ.

ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೆ ನಂಗೆ ಗಟ್ಟಿಯಾಗಿ ಅನ್ಸಿರೋದು ಏನಂದ್ರೆ, ಲೈನ್ ಓಡೋ ದಿನದ ಬಗ್ಗೆ ನಿಮಗೆ ಎಲ್ಲರೂ ಕಾಗದ ಕೊಡ್ತಾರೆ, ಫ್ಲೋ ಎಷ್ಟು, ಪ್ರೆಷರ್ ಎಷ್ಟು, ಟೆಂಪರೇಚರ್ ಎಷ್ಟು ಅಂತ ಎಲ್ಲಾ ಲೈನ್ ಲಿಸ್ಟಲ್ಲಿ ಬಂದ್ಬಿಡುತ್ತೆ. ಆ ಲೈನ್ ನಿಲ್ಲಿಸಿ ಬಿಚ್ಚೋ ದಿನದ ಬಗ್ಗೆ ಅಷ್ಟು ವಿವರವಾಗಿ ಯಾರೂ ಬರೆದು ಕೊಡಲ್ಲ. ಅದನ್ನ ಯೋಚ್ನೆ ಮಾಡ್ಬೇಕಾದೋರು ಪೈಪಿಂಗ್ ಇಂಜಿನಿಯರ್. ಆ ಯೋಚ್ನೆ ಬರಬೇಕಂದ್ರೆ ಬಿಚ್ಚೋ ಜಾಗದಲ್ಲಿ ಒಂದಷ್ಟು ದಿನ ನಿಂತಿರ್ಬೇಕು. ಅದಕ್ಕೇ ನನ್ನ ಉತ್ತರ ಹೋಗಿ ಅಂತ. ಸಿವಿಲ್ ಕೆಲಸದಿಂದ ಹಿಡಿದು ಕಮಿಷನಿಂಗ್ (ಪ್ಲಾಂಟ್ ಮೊದಲ ಸಲ ಶುರು ಮಾಡೋದು) ಆಗಿ ಮೊದಲನೇ ಶಟ್‌ಡೌನ್ ಆಗೋವರೆಗೆ ಒಂದು ಪ್ರಾಜೆಕ್ಟ್ ಪೂರ್ತಿ ನೋಡ್ಕೊಂಡು ಬನ್ನಿ.

ನಂಗೆ ಇದು ಗೊತ್ತಾಗಿದ್ದು ಒಂದು ಬಕೆಟ್ಟಿಂದ. ನಾನು ಕೆಲಸಕ್ಕೆ ಸೇರಿ ವರ್ಷ ಆಗಿರ್ಲಿಲ್ಲ, ಕರಾವಳಿ ಕಡೆ ಒಂದು ಕೆಮಿಕಲ್ ಪ್ಲಾಂಟಲ್ಲಿ ನಾನೇ ಐಸೋ ಬರೆದಿದ್ದ ಒಂದು ಸಾಲ್ವೆಂಟ್ ಲೈನ್ ಸೈಟಲ್ಲಿ ನಿಂತಿತ್ತು. ಅತಿ ಕೆಳಗಿನ ಜಾಗದಲ್ಲಿ ಖಾಲಿ ಮಾಡೋಕೆ ಡ್ರೈನ್ ಕೊಡ್ಬೇಕು, ಅತಿ ಮೇಲಿನ ಜಾಗದಲ್ಲಿ ಗಾಳಿ ಹೋಗೋಕೆ ವೆಂಟ್ ಕೊಡ್ಬೇಕು ಅಂತ ಓದಿದ್ದೆ, ಹಾಗೇ ಕೊಟ್ಟಿದ್ದೆ, ಚೆಕ್ಕಿಂಗಲ್ಲೂ ಪಾಸಾಗಿತ್ತು. ಭದ್ರಾವತಿ ಕಡೆಯ ಹಿರಿಯ ಫಿಟ್ಟರ್ ಒಬ್ರು ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗಿ ಕೈಗೊಂದು ಬಕೆಟ್ ಕೊಟ್ಟು "ಸಾರ್, ಈ ವಾಲ್ವ್ ಅಡಿ ಇದನ್ನ ಇಟ್ಟು ತೋರಿಸಿ" ಅಂದ್ರು. ವಾಲ್ವಿನ ಬಾಯಿಗೂ ನೆಲಕ್ಕೂ ಮಧ್ಯ ನಾಲ್ಕು ಬೆರಳು ಜಾಗ ಇತ್ತು. ಬಕೆಟ್ ಇರ್ಲಿ, ಹೋಸ್ ಸಿಕ್ಸೋಕೂ ಆಗ್ತಿರ್ಲಿಲ್ಲ. ಅಂದ್ರೆ ಆ ಲೈನ್ ಖಾಲಿ ಮಾಡ್ಬೇಕಾದಾಗ ಆ ಸಾಲ್ವೆಂಟ್ ನೆಲದ ಮೇಲೇ ಹೋಗ್ಬೇಕಿತ್ತು, ಅವರು ಅದರಲ್ಲೇ ಮಂಡಿಯೂರಿ ಕೂತು ಕೆಲಸ ಮಾಡ್ಬೇಕಿತ್ತು. ಅವತ್ತು ಅವರು ಬೈಯ್ಯಲಿಲ್ಲ, ಬೈದಿದ್ರೆ ಮರೆತುಬಿಡ್ತಿದ್ನೋ ಏನೋ. ಅವತ್ತಿಂದ ಯಾವ ಡ್ರಾಯಿಂಗ್ ನೋಡಿದ್ರೂ ಬಕೆಟ್ ಎಲ್ಲಿಡ್ತಾರೆ, ಕಾಲು ಎಲ್ಲಿಡ್ತಾರೆ, ಸ್ಪ್ಯಾನರ್ ತಿರುಗಿಸೋಕೆ ಕೈ ಆಡುತ್ತಾ, ಏನಾದ್ರೂ ಚಿಮ್ಮಿದ್ರೆ ಯಾವ ಕಡೆ ಓಡ್ತಾರೆ ಅಂತ ಮೊದಲು ನೋಡ್ತೀನಿ.

ನೀವು ಹೋಗ್ತಿರೋದು ಬಲ್ಕ್ ಡ್ರಗ್ ಪ್ಲಾಂಟಿಗೆ ಅಂದ್ರಲ್ಲ, ಅದು ರಿಫೈನರಿ ಥರ ಅಲ್ಲ. ಮಂಗಳೂರಿನ ರಿಫೈನರಿಯಲ್ಲಿ ಒಂದು ಲೈನಲ್ಲಿ ಒಂದೇ ಪದಾರ್ಥ ವರ್ಷಗಟ್ಟಲೆ ಹರಿಯುತ್ತೆ. ಬಲ್ಕ್ ಡ್ರಗ್ಗಲ್ಲಿ ಬ್ಯಾಚ್ ಲೆಕ್ಕ, ಬೆಳಗ್ಗೆ ಬಿಸಿ ಮಾಡಿದ ರಿಯಾಕ್ಟರನ್ನೇ ಮಧ್ಯಾಹ್ನ ಸೊನ್ನೆಗಿಂತ ಕೆಳಗೆ ತಣ್ಣಗೆ ಮಾಡ್ತಾರೆ, ಈ ತಿಂಗಳು ಒಂದು ಪ್ರಾಡಕ್ಟ್ ಮುಂದಿನ ತಿಂಗಳು ಇನ್ನೊಂದು. ಹಾಗಾಗಿ ಅಲ್ಲಿ ಬಿಚ್ಚೋದು ಖಾಲಿ ಮಾಡೋದು ತೊಳೆಯೋದು ದಿನನಿತ್ಯದ ಕೆಲಸ. ಈ ಕೆಲಸ ಕಲಿಯೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ ಅಂತ ನನ್ನ ಅಭಿಪ್ರಾಯ, ಬೇರೆಯವರು ಒಪ್ಪದೇ ಇರಬಹುದು.

ಉದಾಹರಣೆಗೆ ರಿಯಾಕ್ಟರಿನ ಜಾಕೆಟ್ ಪೈಪಿಂಗ್ ತಗೊಳ್ಳಿ. ಜಾಕೆಟ್ ಅಂದ್ರೆ ಬಿಸಿ ತಂಪು ಮಾಡೋಕೆ ರಿಯಾಕ್ಟರಿನ ಸುತ್ತ ಇರೋ ಹೊರಗಿನ ಕವಚ. ಜಾಕೆಟ್ ಒಂದೇ, ಆದ್ರೆ ಅದಕ್ಕೆ ಸ್ಟೀಮ್ ಬರ್ಬೇಕು, ಕೂಲಿಂಗ್ ಟವರ್ ನೀರು ಬರ್ಬೇಕು, ಬ್ರೈನ್ (ತುಂಬಾ ತಣ್ಣಗೆ ಮಾಡಿದ ಉಪ್ಪುನೀರು) ಬರ್ಬೇಕು, ಪ್ರತಿಯೊಂದಕ್ಕೂ ಹೋಗೋ ದಾರಿ ವಾಪಸ್ ಬರೋ ದಾರಿ ಬೇರೆ ಬೇರೆ. ಸ್ಟೀಮ್ ಮೇಲಿಂದ ಒಳಗೆ ಹೋಗಿ ಕಂಡೆನ್ಸೇಟ್ (ಸ್ಟೀಮ್ ತಣ್ಣಗಾಗಿ ಆದ ನೀರು) ಕೆಳಗಿಂದ ಬರ್ಬೇಕು, ನೀರು ಬ್ರೈನ್ ಆದ್ರೆ ಕೆಳಗಿಂದ ಹೋಗಿ ಮೇಲಿಂದ ಬರ್ಬೇಕು, ಅಂದ್ರೆ ಒಂದೇ ನಾಝಲ್ (ಪೈಪ್ ಸೇರೋ ಬಾಯಿ) ಒಂದ್ಸಲ ಇನ್‌ಲೆಟ್ ಆಗುತ್ತೆ ಇನ್ನೊಂದ್ಸಲ ಔಟ್‌ಲೆಟ್ ಆಗುತ್ತೆ. ಮಾಡೆಲಲ್ಲಿ ಇದೊಂದು ವಾಲ್ವ್ ಗುಂಪು, ಜಾಗ ಸಾಲದಿದ್ರೆ ಒತ್ತರಿಸಿ ಕೂರಿಸ್ಬಿಡ್ತೀವಿ. ಪ್ಲಾಂಟಲ್ಲಿ ಏನಾಗುತ್ತೆ ನೋಡಿ. ಬ್ರೈನ್ ಓಡಿಸಿದ ಮೇಲೆ ಸ್ಟೀಮ್ ಕೊಡ್ಬೇಕಂದ್ರೆ ಮೊದಲು ಜಾಕೆಟ್ಟಲ್ಲಿರೋ ಬ್ರೈನನ್ನ ಏರ್ ಪ್ರೆಷರ್ ಕೊಟ್ಟು ಬ್ರೈನ್ ಟ್ಯಾಂಕಿಗೆ ವಾಪಸ್ ತಳ್ಳಬೇಕು, ಉಳಿದಿದ್ದನ್ನ ಡ್ರೈನ್ ಮಾಡ್ಬೇಕು, ಆಮೇಲೇ ಸ್ಟೀಮ್. ಆಪರೇಟರ್ ಇದನ್ನ ಒಂದು ಶಿಫ್ಟಲ್ಲಿ ಎಷ್ಟು ಸಲ ಮಾಡ್ತಾನೋ. ಆ ಏರ್ ಕನೆಕ್ಷನ್ ನೀವು ಏಣಿ ಹಾಕಿ ಹತ್ತೋ ಜಾಗದಲ್ಲಿ ಕೊಟ್ಟಿದ್ರೆ ರಾತ್ರಿ ಮೂರು ಗಂಟೆಗೆ ಅವನು ಹತ್ತಲ್ಲ, ನೇರವಾಗಿ ಡ್ರೈನಿಗೆ ಬಿಡ್ತಾನೆ, ಇಲ್ಲಾ ಹಾಗೇ ಸ್ಟೀಮ್ ಕೊಡ್ತಾನೆ. ಅದಾದ್ಮೇಲೆ ಕ್ಯಾಲ್ಸಿಯಂ ಕ್ಲೋರೈಡ್ ಬ್ರೈನ್ ಕಂಡೆನ್ಸೇಟ್ ಜೊತೆ ಸೇರಿ ಬಾಯ್ಲರ್ ಫೀಡ್ ಟ್ಯಾಂಕಿಗೆ ಹೋಗುತ್ತೆ. ಬಾಯ್ಲರ್ ಹಾಳಾದಾಗ ಎಲ್ಲರೂ ಆಪರೇಟರನ್ನ ಹಿಡ್ಕೊಳ್ತಾರೆ, ಆದ್ರೆ ಆ ತಪ್ಪು ಶುರುವಾಗಿದ್ದು ಡ್ರಾಯಿಂಗ್ ಬೋರ್ಡ್ ಮೇಲೆ. ವಾಲ್ವ್ ಪಾಸ್ ಆಗ್ತಿದೆ ಅನ್ನೋ ಮಾತು ನೀವು ಅಲ್ಲಿ ದಿನಾ ಕೇಳ್ತೀರ, ಅಂದ್ರೆ ಮುಚ್ಚಿದ್ರೂ ಒಳಗೊಳಗೇ ಸೋರ್ತಿದೆ ಅಂತ. ಯಾವ ವಾಲ್ವೂ ಒಂದಿನ ಪಾಸ್ ಆಗೇ ಆಗುತ್ತೆ ಅಂತ ಇಟ್ಕೊಂಡೇ ಡಿಸೈನ್ ಮಾಡ್ಬೇಕು. ಮನುಷ್ಯ ಒಳಗೆ ಇಳಿಯೋ ವೆಸೆಲ್ ಆದ್ರೆ ಬರೀ ವಾಲ್ವ್ ಮುಚ್ಚಿ ನಂಬೋ ಹಾಗೇ ಇಲ್ಲ, ಬ್ಲೈಂಡ್ (ಪೈಪ್ ಮುಚ್ಚೋ ಗಟ್ಟಿ ತಟ್ಟೆ) ಹಾಕಲೇಬೇಕು, ಇಲ್ಲಾ ಒಂದು ಸ್ಪೂಲ್ (ಬಿಚ್ಚಿ ತೆಗೆಯೋ ಪೈಪಿನ ತುಂಡು) ತೆಗೆದು ಲೈನ್ ಬೇರೆ ಮಾಡ್ಬೇಕು, ಅದಕ್ಕೆ ಜಾಗ ಬಿಟ್ಟಿದೀರಾ ಅನ್ನೋದು ನಿಮಗೆ ಬಿಟ್ಟಿದ್ದು.

ಗ್ಲಾಸ್ ಲೈನ್ಡ್ ರಿಯಾಕ್ಟರ್ ನೀವು ಮಾಡೆಲಲ್ಲಿ ಇಟ್ಟಿರ್ತೀರ, ಮುಟ್ಟಿ ನೋಡಿರಲ್ಲ ಅನ್ಸುತ್ತೆ. ಒಳಗೆ ಪೂರ್ತಿ ಗಾಜಿನ ಲೇಪ. ಹೊರಗಡೆ ಸಪೋರ್ಟಿಗೆ ಅಂತ ಯಾರಾದ್ರೂ ಒಂದು ಚಿಕ್ಕ ಕ್ಲಿಪ್ ವೆಲ್ಡ್ ಮಾಡಿದ್ರೂ ಆ ಶಾಖಕ್ಕೆ ಒಳಗಿನ ಗಾಜು ಬಿರುಕು ಬಿಡುತ್ತೆ. ಅದರ ನಾಝಲ್ ಮೇಲೆ ಪೈಪಿನ ಭಾರ ಹಾಕೋ ಹಾಗಿಲ್ಲ, ಬೋಲ್ಟನ್ನ ಒಂದೇ ಕಡೆ ಬಿಗಿಯೋ ಹಾಗಿಲ್ಲ. ಅದಕ್ಕೆ ಸೇರೋ ಆಸಿಡ್ ಲೈನ್ ಸಾಮಾನ್ಯವಾಗಿ ಪಿಟಿಎಫ್‌ಇ ಲೈನ್ಡ್ ಪೈಪ್, ಹೊರಗೆ ಸ್ಟೀಲು ಒಳಗೆ ಬಿಳೀ ಟೆಫ್ಲಾನ್, ಅದು ಫ್ಲೇಂಜಿನ ಮುಖದ ಮೇಲೂ ಮಡಚಿಕೊಂಡಿರುತ್ತೆ. ಹಾಗಾಗಿ ಸೈಟಲ್ಲಿ ಕಟ್ ಮಾಡೋದು ವೆಲ್ಡ್ ಮಾಡೋದು ಅನ್ನೋ ಮಾತೇ ಇಲ್ಲ, ಮಾಡಿದ ಅಳತೆಗೆ ಫ್ಯಾಕ್ಟರಿಯಿಂದ ಬಂದಿದ್ದನ್ನ ಬೋಲ್ಟ್ ಹಾಕಿ ಸೇರಿಸ್ಬೇಕು ಅಷ್ಟೇ.

ಇದರಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದೀನಿ. ಒಂದು ಪ್ರಾಜೆಕ್ಟಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಲೈನಿಗೆ ರಿಯಾಕ್ಟರ್ ಕೂರಿಸೋ ಮುಂಚೇನೇ ಮಾಡೆಲ್ ನಂಬ್ಕೊಂಡು ಎಲ್ಲಾ ಸ್ಪೂಲಿಗೂ ಆರ್ಡರ್ ಕೊಟ್ಬಿಟ್ಟೆ, ಟೈಮ್ ಉಳಿಯುತ್ತೆ ಅಂತ. ಆಮೇಲೆ ರಿಯಾಕ್ಟರ್ ಕೂತಾಗ ಬೀಮಿನ ಲೆವೆಲ್ಲು ಸ್ವಲ್ಪ ಆಚೀಚೆ, ನಾಝಲ್ ಸ್ವಲ್ಪ ತಿರುಗಿದೆ, ಎಲ್ಲಾ ಸೇರಿ ಕೊನೇ ಸ್ಪೂಲ್ ಹತ್ರ ಎರಡು ಸೆಂಟಿಮೀಟರ್ ಗ್ಯಾಪ್. ಸಾದಾ ಕಾರ್ಬನ್ ಸ್ಟೀಲ್ ಪೈಪಾಗಿದ್ರೆ ಅದು ಅರ್ಧ ದಿನದ ಕೆಲಸ. ಕಾಂಟ್ರಾಕ್ಟರ್ ಕಡೆಯವರು ಚೈನ್ ಬ್ಲಾಕ್ ಹಾಕಿ ಎಳೆದು ಬೋಲ್ಟ್ ಬಿಗಿಯೋಕೆ ರೆಡಿ ಆಗಿದ್ರು, ಎಳೆದಿದ್ರೆ ಗಾಜಿನ ನಾಝಲ್ ಹೋಗ್ತಿತ್ತು, ಪುಣ್ಯಕ್ಕೆ ಮೇಂಟೆನೆನ್ಸ್‌ನವರು ನೋಡಿ ನಿಲ್ಲಿಸಿದ್ರು. ಹೊಸ ಸ್ಪೂಲ್ ಬರೋವರೆಗೆ ಆ ರಿಯಾಕ್ಟರ್ ಸುಮ್ನೆ ನಿಂತಿತ್ತು. ಆಮೇಲಿಂದ ಲೈನ್ಡ್ ಪೈಪ್ ಇದ್ದಲ್ಲಿ ಪ್ರತಿ ದಿಕ್ಕಿಗೂ ಒಂದು ಕೊನೇ ಸ್ಪೂಲನ್ನ ತಡೆಹಿಡಿದು, ಈಕ್ವಿಪ್ಮೆಂಟ್ ಕೂತು ಅಲೈನ್ಮೆಂಟ್ ಮುಗಿದ ಮೇಲೆ ನಾನೇ ಟೇಪ್ ಹಿಡಿದು ಅಳತೆ ತಗೊಂಡು ಆರ್ಡರ್ ಕೊಡೋದು. ಇನ್ನೊಂದು ವಿಷ್ಯ, ಆ ಲೈನ್ಡ್ ಪೈಪಿನ ಸ್ಟೀಲಲ್ಲಿ ಸಣ್ಣ ಸಣ್ಣ ತೂತು ಇರುತ್ತೆ, ಬೇಕಂತಲೇ ಇಟ್ಟಿರೋದು, ಅಲ್ಲಿಂದ ತೇವ ಬಂತು ಅಂದ್ರೆ ಒಳಗಿನ ಟೆಫ್ಲಾನ್ ಹೋಗಿದೆ ಅಂತ ಅರ್ಥ. ಗೊತ್ತಿಲ್ಲದ ಪೇಂಟರ್ ಅದನ್ನ ಪೇಂಟ್ ಹಾಕಿ ಮುಚ್ಚಿಬಿಡ್ತಾನೆ. ನೀವು ಲೈನ್ ನೋಡೋಕೆ ಹೋದಾಗ ಆ ತೂತು ತೆರೆದಿದೆಯಾ ನೋಡಿ.

ಮೆಟೀರಿಯಲ್ ವಿಷ್ಯದಲ್ಲಿ ಆಫೀಸಲ್ಲಿ ನಾವು ಪೈಪ್ ಸ್ಪೆಕ್ ನೋಡಿ ಎ ಕ್ಲಾಸ್ ಬಿ ಕ್ಲಾಸ್ ಅಂತ ಹಾಕ್ಕೊಂಡು ಹೋಗ್ತೀವಿ, ಯಾಕೆ ಅಂತ ಕೇಳಲ್ಲ. ಕೇಳಿ. 98 ಪರ್ಸೆಂಟ್ ಸಲ್ಫ್ಯೂರಿಕ್ ಆಸಿಡನ್ನ ಸಾದಾ ಕಾರ್ಬನ್ ಸ್ಟೀಲ್ ಪೈಪಲ್ಲಿ ಕಳಿಸ್ತಾರೆ ಅಂದ್ರೆ ಮೊದಲ ಸಲ ಕೇಳಿದವರು ನಂಬಲ್ಲ. ಆಸಿಡ್ಡೇ ಕಬ್ಬಿಣದ ಮೇಲೆ ಸಲ್ಫೇಟಿನ ಒಂದು ಪದರ ಕಟ್ಕೊಂಡು ಅದನ್ನ ಕಾಪಾಡುತ್ತೆ, ವೇಗ ಕಮ್ಮಿ ಇದ್ದು ಬಿಸಿ ಆಗದೇ ಇದ್ರೆ ವರ್ಷಗಟ್ಟಲೆ ನಡೆಯುತ್ತೆ. ವೇಗ ಜಾಸ್ತಿ ಆದ್ರೆ ಎಲ್ಬೋ ಹತ್ರ ಆ ಪದರ ಕೊಚ್ಕೊಂಡು ಹೋಗುತ್ತೆ. ಅಪಾಯ ಇರೋದು ಲೈನ್ ನಿಲ್ಲಿಸಿದ ಮೇಲೆ. ಖಾಲಿ ಮಾಡಿ ಬಿಟ್ಟ ಪೈಪಿನ ಗೋಡೆಗೆ ಅಂಟಿದ ಆಸಿಡ್ ಗಾಳಿಯ ತೇವ ಎಳ್ಕೊಂಡು ತೆಳ್ಳಗಾಗುತ್ತೆ, ತೆಳ್ಳಗಿನ ಆಸಿಡ್ ಕಬ್ಬಿಣ ತಿನ್ನುತ್ತೆ, ತಿಂದಾಗ ಹೈಡ್ರೋಜನ್ ಹುಟ್ಟುತ್ತೆ, ಅದು ಪೈಪಿನ ಎತ್ತರದ ಭಾಗದಲ್ಲೋ ಟ್ಯಾಂಕಿನ ತಲೆಯಲ್ಲೋ ಹೋಗಿ ನಿಲ್ಲುತ್ತೆ. ಅದರ ಮೇಲೆ ಯಾರೋ ಕಟಿಂಗ್ ಟಾರ್ಚ್ ಹಚ್ಚಿದ್ರೆ ಮುಗೀತು. ಆಸಿಡ್ ಓಡ್ತಿರೋವರೆಗೆ ಶಾಂತವಾಗಿದ್ದ ಲೈನು ಖಾಲಿಯಾದ ಮೇಲೆ ಮನುಷ್ಯನ್ನ ಕೊಲ್ಲಬಹುದು. ಆ ಲೈನಿಗೆ ಸ್ಲೋಪ್ ಕೊಟ್ಟು, ಎಲ್ಲೂ ಪಾಕೆಟ್ ಇಲ್ಲದ ಹಾಗೆ, ಪೂರ್ತಿ ಖಾಲಿ ಆಗೋ ಹಾಗೆ, ಮೇಲೆ ಗ್ಯಾಸ್ ನಿಲ್ಲದ ಹಾಗೆ ಎಳೆಯೋದು ನಿಮ್ಮ ಕೈಲಿದೆ. ಪೈಪ್ ಎಳೆಯೋದು ಅಂತ ನೀವು ಬರೆದ್ರಲ್ಲ, ಎಳೆಯೋದ್ರಲ್ಲಿ ಇಷ್ಟಿದೆ.

ಸಾಲ್ವೆಂಟ್ ಕಡೆ ಬಂದ್ರೆ ಸ್ಟ್ಯಾಟಿಕ್, ಅಂದ್ರೆ ಕಿಡಿ ಹಾರಿಸೋ ವಿದ್ಯುತ್ ಚಾರ್ಜ್. ಟಾಲ್ವೀನ್ ಥರದ್ದು ಪೈಪಲ್ಲಿ ಜೋರಾಗಿ ಹರಿದಷ್ಟೂ ಚಾರ್ಜ್ ಹೊತ್ಕೊಂಡು ಬರುತ್ತೆ. ಹಾಗಾಗಿ ಡಿಪ್ ಪೈಪಿನ (ವೆಸೆಲ್ ಒಳಗೆ ತಳದ ಹತ್ರದವರೆಗೆ ಇಳಿಯೋ ಪೈಪ್) ತುದಿ ಮುಳುಗೋವರೆಗೆ ಸೆಕೆಂಡಿಗೆ 1 ಮೀಟರ್ ದಾಟದ ಹಾಗೆ ನಿಧಾನಕ್ಕೆ ತುಂಬಿಸ್ತಾರೆ, ಚಾರ್ಜ್ ಹರಿದುಹೋಗಲಿ ಅಂತ ಫ್ಲೇಂಜಿಂದ ಫ್ಲೇಂಜಿಗೆ ಜಂಪರ್ ತಂತಿ ಹಾಕ್ತಾರೆ. ಡಿಪ್ ಪೈಪ್ ಮೋಟಾಗಿ ನಿಲ್ಲಿಸಿ ಮೇಲಿಂದ ಸುರಿಯೋ ಹಾಗೆ ಕೊಟ್ಟು ಮೆಟೀರಿಯಲ್ ಉಳಿಸಿದ್ವಿ ಅಂತ ಯಾರಾದ್ರೂ ಹೇಳಿದ್ರೆ ಒಪ್ಕೋಬೇಡಿ.

ಇನ್ನು ನಿಮ್ಮ ಫ್ರೆಂಡ್ಸ್ ಹೇಳೋ ಸ್ಟ್ರೆಸ್ ಅನಾಲಿಸಿಸ್. ಅದು ಒಳ್ಳೇ ವಿದ್ಯೆ, ಕಲೀಬೇಕು, ಬೇಡ ಅನ್ನಲ್ಲ. ಆದ್ರೆ ಸಾಫ್ಟ್‌ವೇರ್ ಕಲಿಯೋದು ಬೇರೆ, ಪೈಪ್ ಏನು ಮಾಡುತ್ತೆ ಅಂತ ತಲೇಲಿ ಕಾಣೋದು ಬೇರೆ. 10 ಕೆಜಿ ಪ್ರೆಷರಿನ (ಚದರ ಸೆಂಟಿಮೀಟರಿಗೆ 10 ಕೆಜಿ) ಸ್ಟೀಮ್ ಲೈನ್ ಸುಮಾರು 180 ಡಿಗ್ರಿ ಇರುತ್ತೆ. ಕಾರ್ಬನ್ ಸ್ಟೀಲ್ ಒಂದು ಮೀಟರಿಗೆ ಒಂದು ಡಿಗ್ರಿಗೆ 0.012 ಮಿಲಿಮೀಟರ್ ಹಿಗ್ಗುತ್ತೆ. 100 ಮೀಟರ್ ಲೈನ್ 30 ಡಿಗ್ರಿಯಿಂದ 180ಕ್ಕೆ ಹೋದ್ರೆ 180 ಮಿಲಿಮೀಟರ್ ಉದ್ದ ಆಗುತ್ತೆ, ಹೆಚ್ಚೂ ಕಮ್ಮಿ ಒಂದು ಗೇಣು. ಕ್ಯಾಲ್ಕುಲೇಟರ್ ಕೂಡ ಬೇಡ. ಆ ಒಂದು ಗೇಣು ಎಲ್ಲಿಗೆ ಹೋಗ್ಬೇಕು, ಹಿಗ್ಗೋದಕ್ಕೆ ಬಿಡೋ ಲೂಪ್ ಎಲ್ಲಿ, ಪೈಪ್ ಅಲುಗದ ಹಾಗೆ ಹಿಡಿಯೋ ಆಂಕರ್ ಎಲ್ಲಿ, ಪೈಪಿನ ಅಡಿ ಇರೋ ಶೂ ಬೀಮ್ ಮೇಲಿಂದ ಜಾರಿ ಕೆಳಗೆ ಬೀಳುತ್ತಾ, ಪಕ್ಕದ ಲೈನಿನ ಇನ್ಸುಲೇಷನಿಗೆ ತಗಲುತ್ತಾ, ಇದೆಲ್ಲ ಕಣ್ಣಿಗೆ ಕಾಣ್ಬೇಕು. ಸ್ಟೀಮ್ ಲೈನ್ ಮೊದಲ ಸಲ ಬಿಸಿ ಮಾಡುವಾಗ ರ್ಯಾಕ್ ಮೇಲೆ ಹತ್ತಿ ನಿಂತು, ಶೂ ಹತ್ರ ಸೀಮೆಸುಣ್ಣದಲ್ಲಿ ಒಂದು ಗೆರೆ ಹಾಕಿ, ಎರಡು ಗಂಟೆ ಆದ್ಮೇಲೆ ಹೋಗಿ ನೋಡಿ. ಗೆರೆ ಎಲ್ಲಿತ್ತು ಶೂ ಎಲ್ಲಿದೆ ಅಂತ ನೋಡಿದವನು ಸಾಫ್ಟ್‌ವೇರಿನ ರಿಪೋರ್ಟ್ ಓದೋ ರೀತಿಯೇ ಬೇರೆ ಆಗುತ್ತೆ.

ಭಾರದ ವಿಷ್ಯನೂ ಹಾಗೇ. 24 ಇಂಚಿನ ಸ್ಟ್ಯಾಂಡರ್ಡ್ ದಪ್ಪದ ಪೈಪ್ ಒಂದು ಮೀಟರಿಗೆ 141 ಕೆಜಿ ಚಿಲ್ಲರೆ, ವೇಪರ್ ಲೈನ್ ಆದ್ರೆ ಓಡುವಾಗ ಅಷ್ಟೇ ಭಾರ. ಹೈಡ್ರೋ ಟೆಸ್ಟಿಗೆ ನೀರು ತುಂಬಿದಾಗ ಮೀಟರಿಗೆ ಇನ್ನೂ ಸುಮಾರು 274 ಕೆಜಿ ಸೇರ್ಕೊಳ್ಳುತ್ತೆ, ಒಟ್ಟು ಭಾರ ಮೂರು ಪಟ್ಟಿನ ಹತ್ರ. ಓಡೋ ದಿನಕ್ಕೆ ಮಾತ್ರ ಲೆಕ್ಕ ಹಾಕಿದ ಸಪೋರ್ಟ್ ಟೆಸ್ಟ್ ದಿನ ಬಗ್ಗುತ್ತೆ. ಬಿ31.3 (ಪ್ರೋಸೆಸ್ ಪೈಪಿಂಗ್ ಕೋಡ್) ಪ್ರಕಾರ ಡಿಸೈನ್ ಪ್ರೆಷರಿನ ಒಂದೂವರೆ ಪಟ್ಟು ಟೆಸ್ಟ್ ಮಾಡ್ಬೇಕು ಅಂತ ಎಲ್ಲರಿಗೂ ಬಾಯಿಪಾಠ, ಆ ನೀರನ್ನ ಹೊರೋರು ಯಾರು ಅಂತ ಕೇಳೋರು ಕಮ್ಮಿ. ಸ್ಟೀಮ್ ಲೈನ್ ಅಂದ ತಕ್ಷಣ ಇನ್ನೊಂದು ನೆನಪಿರ್ಲಿ, 3.5 ಕೆಜಿ ದಾಟಿದ್ರೆ ಅದು ಐಬಿಆರ್ (ಇಂಡಿಯನ್ ಬಾಯ್ಲರ್ ರೆಗ್ಯುಲೇಷನ್ಸ್) ಕೆಳಗೆ ಬರುತ್ತೆ, ಡ್ರಾಯಿಂಗ್ ಅಪ್ರೂವಲ್, ಪೈಪಿನ ಸರ್ಟಿಫಿಕೇಟ್, ವೆಲ್ಡರ್ ಸರ್ಟಿಫಿಕೇಟ್ ಎಲ್ಲಾ ಬಾಯ್ಲರ್ ಇಲಾಖೆ ಮುಂದೆ ಹೋಗ್ಬೇಕು. ಈ ಕಾಗದದ ಕೆಲಸಕ್ಕೆ ಬೇಜಾರು ಮಾಡ್ಕೋಬೇಡಿ, ಅದನ್ನ ಸರಿಯಾಗಿ ಮಾಡೋರು ಸಿಗೋದು ಕಷ್ಟ.

ಒಂದು ಹಳೇ ಕಥೆ ಹೇಳ್ಬೇಕು, ಹೊಸಬರು ಯಾರೇ ಬಂದ್ರೂ ನಾನು ಮೊದಲ ವಾರ ಇದನ್ನ ಹೇಳ್ತೀನಿ. ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಅಂತ ಊರು, ನೈಲಾನಿಗೆ ಬೇಕಾದ ಕ್ಯಾಪ್ರೊಲ್ಯಾಕ್ಟಮ್ ಮಾಡೋ ಪ್ಲಾಂಟು. ಸೈಕ್ಲೋಹೆಕ್ಸೇನನ್ನ ಸಾಲಾಗಿ ಆರು ರಿಯಾಕ್ಟರಲ್ಲಿ, ಸುಮಾರು 155 ಡಿಗ್ರಿ, 8.8 ಕೆಜಿ ಪ್ರೆಷರಲ್ಲಿ ಓಡಿಸ್ತಿದ್ರು. 1974ರ ಮಾರ್ಚಲ್ಲಿ ಐದನೇ ರಿಯಾಕ್ಟರಲ್ಲಿ ಬಿರುಕು ಕಾಣಿಸ್ತು. ಅದನ್ನ ತೆಗೆದು, ನಾಲ್ಕರಿಂದ ಆರಕ್ಕೆ ಒಂದು ಬೈಪಾಸ್ ಪೈಪ್ ಹಾಕಿ ಪ್ರೊಡಕ್ಷನ್ ಶುರು ಮಾಡೋಣ ಅಂತ ತೀರ್ಮಾನ ಮಾಡಿದ್ರು. ನಾಝಲ್ 28 ಇಂಚು, ಕೈಗೆ ಸಿಕ್ಕಿದ್ದು 20 ಇಂಚಿನ ಪೈಪು. ಒಂದೊಂದು ರಿಯಾಕ್ಟರೂ ಹಿಂದಿನದಕ್ಕಿಂತ ಸ್ವಲ್ಪ ಕೆಳಗಿತ್ತು, ಹಾಗಾಗಿ ಬೈಪಾಸ್ ನೇರವಾಗಿ ಬರಲಿಲ್ಲ, ಮಧ್ಯ ಮುರಿದ ಕಾಲಿನ ಥರ ಸೊಟ್ಟ ಮಾಡಿ ವೆಲ್ಡ್ ಮಾಡಿದ್ರು. ಎರಡೂ ತುದೀಲಿ ಮೊದಲೇ ಇದ್ದ ಬೆಲ್ಲೋಸ್ (ಹಿಗ್ಗಿ ಕುಗ್ಗೋ ಸುಕ್ಕಿನ ಜಾಯಿಂಟ್) ಹಾಗೇ ಉಳಿಸ್ಕೊಂಡ್ರು. ಅದಕ್ಕೆ ಡ್ರಾಯಿಂಗ್ ಅಂತ ಇದ್ದಿದ್ದು ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆ. ಸಪೋರ್ಟಿಗೆ ಸ್ಕ್ಯಾಫೋಲ್ಡಿಂಗ್ ಕಟ್ಟಿದ್ರು, ಅದು ಕೆಳಗಿಂದ ಭಾರ ಹೊರುತ್ತಿತ್ತೇ ಹೊರತು ತಿರುಚೋದನ್ನ ತಡೀತಿರಲಿಲ್ಲ. ವರ್ಕ್ಸ್ ಇಂಜಿನಿಯರ್ ಹುದ್ದೆ ಆಗ ಖಾಲಿ ಇತ್ತು, ಆ ಲೆಕ್ಕ ಹಾಕಬಲ್ಲ ಮೆಕ್ಯಾನಿಕಲ್ ಇಂಜಿನಿಯರ್ ಆ ಸೈಟಲ್ಲಿ ಒಬ್ಬರೂ ಇರಲಿಲ್ಲ.

ಈಗ ನೀವೇ ಲೆಕ್ಕ ಹಾಕಿ, 28 ಇಂಚಿನ ಬೆಲ್ಲೋಸಿನ ವಿಸ್ತೀರ್ಣಕ್ಕೆ 8.8 ಕೆಜಿ ಪ್ರೆಷರ್ ಗುಣಿಸಿದ್ರೆ 30 ಟನ್ನಿಗಿಂತ ಜಾಸ್ತಿ ತಳ್ಳುವಿಕೆ. ಪೈಪ್ ನೇರ ಇದ್ದಿದ್ರೆ ಎರಡು ಕಡೆಯ ಬಲ ಎದುರುಬದುರು ಆಗಿ ಪೈಪೇ ತಡ್ಕೊಳ್ತಿತ್ತು, ಸೊಟ್ಟ ಇದ್ದಿದ್ರಿಂದ ಎರಡೂ ಸೇರಿ ಅದನ್ನ ತಿರುಚ್ತು. 1974ರ ಜೂನ್ 1, ಶನಿವಾರ ಸಂಜೆ ಆ ಬೈಪಾಸ್ ಕಿತ್ಕೊಂಡು ಹೋಯ್ತು, ಸೈಕ್ಲೋಹೆಕ್ಸೇನ್ ಮೋಡದ ಥರ ಹರಡಿ ಬೆಂಕಿ ಹತ್ಕೊಳ್ತು. 28 ಜನ ಸತ್ರು. ಶನಿವಾರ ಅಲ್ಲದೇ ಕೆಲಸದ ದಿನ ಆಗಿದ್ದಿದ್ರೆ ಇನ್ನೂ ಎಷ್ಟು ಜನ ಹೋಗ್ತಿದ್ರೋ. ಇವತ್ತು ಎಲ್ಲಾ ಪ್ಲಾಂಟಲ್ಲೂ ಏನಾದ್ರೂ ಬದಲಾವಣೆ ಮಾಡೋ ಮುಂಚೆ ಮ್ಯಾನೇಜ್ಮೆಂಟ್ ಆಫ್ ಚೇಂಜ್ ಅಂತ ಒಂದು ಫಾರಂ ತುಂಬಿಸ್ತಾರಲ್ಲ, ಎಲ್ಲರೂ ಗೊಣಗ್ತಾ ಸೈನ್ ಹಾಕ್ತಾರಲ್ಲ, ಆ ಫಾರಮ್ಮಿನ ಹಿಂದೆ ಈ 28 ಜನ ಇದಾರೆ. ಟೆಂಪರರಿ ಲೈನ್ ಅಂತ ಯಾರೇ ಹೇಳಿದ್ರೂ ನಂಗೆ ಎದೆ ಝಲ್ ಅನ್ನುತ್ತೆ, ಪೈಪಿಗೆ ತಾನು ಟೆಂಪರರಿ ಅಂತ ಗೊತ್ತಿರಲ್ಲ, ಒಳಗಿರೋ ಪ್ರೆಷರಿಗೂ ಗೊತ್ತಿರಲ್ಲ.

ಅಮ್ಮನ ಭಯದ ಬಗ್ಗೆ. ಆ ಭಯ ಸುಳ್ಳಲ್ಲ, ಅದನ್ನ ನಾನು ತಳ್ಳಿಹಾಕಲ್ಲ. ಕೆಮಿಕಲ್ ಪ್ಲಾಂಟಲ್ಲಿ ಅಪಾಯ ಇದೆ. ಆದ್ರೆ ಎಲ್ಲಾ ಪ್ಲಾಂಟೂ ಒಂದೇ ಅಲ್ಲ, ಒಳ್ಳೇದು ಯಾವುದು ಕೆಟ್ಟದ್ದು ಯಾವುದು ಅಂತ ಅರ್ಧ ದಿನ ಸುತ್ತಿದ್ರೆ ಗೊತ್ತಾಗುತ್ತೆ. ಬೀದರ್ ಹತ್ರದ ಕೊಳಾರ ಕೈಗಾರಿಕಾ ಪ್ರದೇಶಕ್ಕೆ ಇಂಟರ್‌ವ್ಯೂಗೋ ಆಫರ್ ಮಾತಾಡೋಕೋ ಹೋದಾಗ ಪ್ಲಾಂಟ್ ಒಳಗೆ ಒಂದು ರೌಂಡ್ ಕರ್ಕೊಂಡು ಹೋಗಿ ಅಂತ ಕೇಳಿ. ಸೇಫ್ಟಿ ಶವರ್ ಮುಂದೆ ಡ್ರಮ್ಮು ಚೀಲ ಜೋಡಿಸಿಟ್ಟಿದಾರಾ ನೋಡಿ, ಅದರ ಹ್ಯಾಂಡಲ್ ಒಂದ್ಸಲ ಎಳೆದು ನೋಡಿ ನೀರು ಬರುತ್ತಾ ಅಂತ. ಫ್ಲೇಂಜಲ್ಲಿ ಎಲ್ಲಾ ಬೋಲ್ಟೂ ಇದೆಯಾ, ಎಂಟರಲ್ಲಿ ನಾಲ್ಕೇ ಹಾಕಿದಾರಾ. ಸೋರೋ ಲೈನಿಗೆ ಕ್ಲಾಂಪೋ ಟೇಪೋ ಸುತ್ತಿ ಬಿಟ್ಟಿದಾರಾ, ಪೈಪ್ ಮೇಲೆ ಏನು ಹೋಗ್ತಿದೆ ಅಂತ ಹೆಸರು ಬಾಣದ ಗುರುತು ಇದೆಯಾ. ಬೋಲ್ಟ್ ಇಲ್ಲದ ಫ್ಲೇಂಜ್ ಕಂಡ್ರೆ, ಶವರಲ್ಲಿ ನೀರು ಬರದಿದ್ರೆ, ಸಂಬಳ ಡಬಲ್ ಕೊಟ್ರೂ ಬೇಡ ಅನ್ನಿ, ಈ ಉತ್ತರದಲ್ಲಿ ನಾನು ಹೋಗಿ ಅಂದಿದ್ದನ್ನ ಮರೆತುಬಿಡಿ.

ಹೋದ್ರೆ ದಿನಚರಿ ಹೇಗಿರುತ್ತೆ ಅಂದ್ರೆ, ಬೆಳಗ್ಗೆ ಪರ್ಮಿಟ್, ಕಾಂಟ್ರಾಕ್ಟರ್ ಜೊತೆ ಜಗಳ, ಬಂದ ಮೆಟೀರಿಯಲ್ ಸ್ಪೆಕ್ಕಿಗೆ ಸರಿ ಇದೆಯಾ ನೋಡೋದು, ಪಂಚ್ ಲಿಸ್ಟು (ಬಾಕಿ ಉಳಿದ ಕೆಲಸದ ಪಟ್ಟಿ), ಸಂಜೆ ರಿವಿಷನ್ ಮಾರ್ಕಪ್. ಶಟ್‌ಡೌನ್ ಇದ್ದಾಗ ಮನೆ ನೆನಪಾಗೋಷ್ಟು ಹೊತ್ತು ಸಿಗಲ್ಲ. ನೀವು ಅಲ್ಲಿ ಏನು ಮಾಡ್ಬೇಕು ಅಂದ್ರೆ, ಸೇರಿದ ಮೊದಲ ತಿಂಗಳು ಪಿ ಆಂಡ್ ಐಡಿ (ಎಲ್ಲಾ ಪೈಪ್, ವಾಲ್ವ್, ಮೀಟರ್ ತೋರಿಸೋ ನಕ್ಷೆ) ಪ್ರಿಂಟ್ ತಗೊಂಡು ಒಂದು ಕಲರ್ ಪೆನ್ಸಿಲ್ ಹಿಡ್ಕೊಂಡು ಒಂದೊಂದೇ ಲೈನನ್ನ ಶುರುವಿಂದ ಕೊನೇವರೆಗೆ ನಡೆದು ನೋಡಿ, ನೋಡಿದಷ್ಟಕ್ಕೆ ಬಣ್ಣ ಹಚ್ಚಿ. ಡ್ರಾಯಿಂಗಲ್ಲಿ ಇದ್ದು ಸೈಟಲ್ಲಿ ಇಲ್ಲದ್ದು, ಸೈಟಲ್ಲಿ ಇದ್ದು ಡ್ರಾಯಿಂಗಲ್ಲಿ ಇಲ್ಲದ್ದು ಎರಡೂ ಸಿಗುತ್ತೆ, ಹಳೇ ಪ್ಲಾಂಟಾದ್ರೆ ಬೇಕಾದಷ್ಟು ಸಿಗುತ್ತೆ. ಕೈಯಲ್ಲೇ ಐಸೋ ಸ್ಕೆಚ್ ಮಾಡೋದು ಕಲೀರಿ, ಗೋಡೆಗೆ ಒರಗಿ ಐದು ನಿಮಿಷದಲ್ಲಿ ಬರೀಬೇಕು, ಫಿಟ್ಟರಿಗೆ ಅರ್ಥ ಆಗ್ಬೇಕು. ಫಿಟ್ಟರ್, ವೆಲ್ಡರ್, ಆಪರೇಟರ್ ಜೊತೆ ಟೀ ಕುಡೀರಿ, ಬೀದರ್ ಅಂದ್ಮೇಲೆ ಒಂದಷ್ಟು ಹಿಂದಿ ಒಂದಷ್ಟು ತೆಲುಗು ತಾನಾಗೇ ಬರುತ್ತೆ. ಯಾವ ವಾಲ್ವ್ ಅವರಿಗೆ ಕಷ್ಟ ಕೊಡ್ತಿದೆ ಅಂತ ಕೇಳಿ ಬರ್ಕೊಳ್ಳಿ. ಜೊತೆಗೆ ರಾತ್ರಿ ಹೊತ್ತು ಸ್ಟ್ರೆಸ್ ಅನಾಲಿಸಿಸ್ ಓದ್ಕೊಳ್ಳಿ, ಬೀಮಿನ ಲೆಕ್ಕ, ಬೆಂಡಿಂಗ್ ಮೊಮೆಂಟ್ ಎಲ್ಲಾ ನೀವು ಬಿಇಲಿ ಓದಿದ್ದೇ, ಮತ್ತೆ ತೆಗೆದು ನೋಡಿ ಸಾಕು. ದುಡ್ಡು ಕಟ್ಟೋ ಕೋರ್ಸು ಆಮೇಲೆ ನೋಡೋಣ.

ಎರಡು ಮೂರು ವರ್ಷ ಆದ್ಮೇಲೆ ಮತ್ತೆ ಡಿಸೈನ್ ಆಫೀಸಿಗೆ ಬರಬೇಕು ಅನ್ಸಿದ್ರೆ ಬನ್ನಿ, ಬರೋದು ಒಳ್ಳೇದು ಕೂಡ. ನಾನೂ ಹಾಗೇ ಕರಾವಳಿಯ ಪ್ಲಾಂಟಿಂದ ಬರೋಡಾದ ಡಿಸೈನ್ ಆಫೀಸಿಗೆ ಹೋದೆ, ಅಲ್ಲಿಂದ ದಹೇಜ್ ಕಡೆಯ ಸೈಟುಗಳು, ಆಮೇಲೆ ಗಲ್ಫು, ಮತ್ತೆ ಊರು. ನಾನು ಕಂಡ ಮಟ್ಟಿಗೆ ಮಾಡೆಲೂ ಬರುತ್ತೆ ಸೈಟೂ ಗೊತ್ತಿದೆ ಅನ್ನೋರನ್ನ ಎಲ್ಲಾ ಕಡೆ ಹುಡುಕ್ಕೊಂಡು ಬಂದು ಕರೀತಾರೆ, ಬರೀ ಮಾಡೆಲಿಂಗ್ ಗೊತ್ತಿರೋರನ್ನ ಪ್ರಾಜೆಕ್ಟ್ ಮುಗಿದ ತಿಂಗಳು ಕಳಿಸಿಬಿಡ್ತಾರೆ. ಐಟಿಗೆ ಹೋಗೋ ಯೋಚ್ನೆ ಇದ್ರೆ ಅದು ಬೇರೆ ದಾರಿ, ಅದರ ಬಗ್ಗೆ ಹೇಳೋಕೆ ನಾನು ಸರಿಯಾದವನಲ್ಲ.

ಆಫರ್‌ಗೆ ಹ್ಞೂಂ ಅನ್ನೋ ಮುಂಚೆ ಅವರನ್ನ ಎರಡು ವಿಷ್ಯ ಕೇಳಿ ಬರಹದಲ್ಲಿ ತಗೊಳ್ಳಿ. ನಿಮ್ಮನ್ನ ಹೆಜೋಪ್ (ಏನೇನು ಅಪಾಯ ಆಗಬಹುದು ಅಂತ ಎಲ್ಲರೂ ಕೂತು ಹುಡುಕೋ) ಮೀಟಿಂಗಲ್ಲಿ ಕೂರಿಸ್ತಾರಾ ಅಂತ ಒಂದು, ಯಾಕಂದ್ರೆ ಪೈಪಿಂಗ್‌ನವನು ಕೂರದೇ ಇದ್ರೆ ಡ್ರೈನು ವೆಂಟು ಬ್ಲೈಂಡು ಬಗ್ಗೆ ಬಾಯಿ ಬಿಡೋರು ಇರಲ್ಲ. ಕಮಿಷನಿಂಗ್ ಆದ್ಮೇಲೂ ಕನಿಷ್ಠ ಆರು ತಿಂಗಳು ಅಲ್ಲೇ ಇರೋಕೆ ಬಿಡ್ತಾರಾ ಅಂತ ಇನ್ನೊಂದು. ಮೆಕ್ಯಾನಿಕಲ್ ಕಂಪ್ಲೀಷನ್ (ಕಟ್ಟೋ ಕೆಲಸ ಮುಗಿಯೋದು) ಆದ ಕೂಡ್ಲೇ ಮುಂದಿನ ಸೈಟಿಗೆ ಕಳಿಸೋದಾದ್ರೆ ನೀವು ಹಾಕಿದ ಪೈಪನ್ನ ಯಾರು ಹೇಗೆ ಬಿಚ್ತಾರೆ ಅಂತ ನೋಡೋ ಅವಕಾಶವೇ ನಿಮಗೆ ಸಿಗಲ್ಲ.